ಖಾಲಿ ಸೀಟಿನ ಫೋಟೊ

ಗುರುವಾರ, ಮಾರ್ಚ್ ೧೪

ಆ ಫೋಟೊ ತಲೆಯಿಂದ ಹೋಗುತ್ತಿಲ್ಲ.

ತಾನೇ ಓಡುವ ಕಾರಿನ ಪ್ರದರ್ಶನ ಇವತ್ತೂ ಹೆದ್ದಾರಿಯಲ್ಲಿತ್ತು. ಸ್ಟೀರಿಂಗ್ ಮುಂದೆ ಕೈಕಟ್ಟಿ, ಬಾಯಿ ಮುಚ್ಚಿ ಕೂರುವುದು ನನ್ನ ಕೆಲಸ. ಹಿಂದಿನ ಸೀಟಿನಲ್ಲಿ ಪತ್ರಕರ್ತೆ ನಮ್ಮ ಎಂಜಿನಿಯರನ್ನು ಬಿಡಲಿಲ್ಲ. “ದಿನಾ ಇದೇ ರಸ್ತೇಲಿ ಓಡ್ಸಿ ಪಳಗಿಸಿದ್ದೀರಿ. ಬೇರೆ ಕಡೆ ಹೇಗ್ರೀ ನಂಬೋದು?”

“ಈಗ ಲಾರಿ ಅಡ್ಡ ಬಂತಲ್ಲ, ಎಷ್ಟು ಚೆನ್ನಾಗಿ ನಿಧಾನ ಮಾಡ್ತು ನೋಡಿದ್ರಾ?” ಎಂದ ಅವನು.

ಬ್ರೇಕ್ ಒತ್ತಿದ್ದು ನನ್ನ ಕಾಲು. ಆಕೆ ಅವನ ಮಾತನ್ನೇ ಬರೆದುಕೊಂಡಳು. ನನ್ನನ್ನು ಯಾರೂ ಕೇಳಲಿಲ್ಲ.

ಕೊನೆಗೆ ಫೋಟೊಗೆಂದು ನನ್ನನ್ನು ಇಳಿಸಿದರು. ಸೀಟು ಖಾಲಿ ಕಾಣಬೇಕಂತೆ.

ಸಂಜೆ ಅಕ್ಕ ಫೋನಿನಲ್ಲಿ, “ಕಾರು ತಾನೇ ಓಡುತ್ತೆ ಅಂದ್ಮೇಲೆ ನೀನ್ಯಾಕೋ ಅಲ್ಲಿ?” ಎಂದಳು. “ಆಟಕ್ಕುಂಟು, ಲೆಕ್ಕಕ್ಕಿಲ್ಲ ಕಣಕ್ಕ” ಎಂದು ನಕ್ಕೆ.

ಒಬ್ಬನೇ ಕೂತು ಬರೆಯುತ್ತಿದ್ದೇನೆ. ಮೇಜಿನ ಕೆಳಗೆ ಬಲಗಾಲು ಇನ್ನೂ ನೆಲವನ್ನು ಒತ್ತುತ್ತಿದೆ.