ಔಟಾಗದ ಹೆಡ್‌ಮಾಸ್ತರರು

೧೪ ಜೂನ್ ೧೯೯೮, ಭಾನುವಾರ. ಇಲ್ಫರ್ಡ್.

"ಹನ್ನೊಂದು ವರುಷ ಬಿದ್ದುದ ಕಂಡವರಿಲ್ಲ ನಮ್ಮ ದೊರೆಯ ವಿಕೆಟ್ಟು..." ಮುಂದಿನ ಸಾಲು ನೆನಪಾಗುತ್ತಿಲ್ಲ. ಹ್ಯಾರಪ್ ಸಾಹೇಬರು ಹೆಡ್‌ಮಾಸ್ತರಿಕೆ ಬಿಟ್ಟು ಇಂಗ್ಲೆಂಡಿಗೆ ಹೊರಟಾಗ ಅಜ್ಜ ಬರೆದ ಪದ್ಯ. ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಇದು ನಿಜವಿರಬಹುದೆ? ಶಾಲೆಯ ಮೈದಾನದಲ್ಲಿ ಒಬ್ಬ ಮನುಷ್ಯ ಅಷ್ಟು ವರ್ಷ ಒಮ್ಮೆಯೂ ಔಟಾಗದೆ ಉಳಿಯುವುದುಂಟೆ?

ಸಾಹೇಬರ ಬಗ್ಗೆ ಬರೆಯುತ್ತಿರುವ ಪ್ರಬಂಧದಲ್ಲಿ ಇವತ್ತು ಈ ಅನುಮಾನವನ್ನೇ ಬರೆದೆ. ಬೆತ್ತ ಹಿಡಿಯುವ ಕೈಯೇ ಬ್ಯಾಟು ಹಿಡಿದು ನಿಂತರೆ ಯಾವ ಹುಡುಗ ಜೋರಾಗಿ ಚೆಂಡು ಎಸೆದಾನು? ಅವರು ಗೆದ್ದ ಕಪ್‌ಗಳು, ಅವರಿಗೆ ಸಂದ ಹೊಗಳಿಕೆ, ಎಲ್ಲದರ ಮೇಲೂ ಈಗ ಸಂಶಯ. ನಂಬಿಕೆ ಉಳಿದಿರುವುದು ಅಜ್ಜನ ಮೇಲೆ ಮಾತ್ರ. ಆ ಶಾಲೆಯ ಡ್ರಾಯಿಂಗ್ ಮಾಸ್ತರನಾಗಿದ್ದ ಅವನು ಬಿಳಿ ಕೋಟು ತೊಟ್ಟು ಪ್ರತಿ ಮ್ಯಾಚಿಗೂ ಅಂಪೈರಾಗಿ ನಿಲ್ಲುತ್ತಿದ್ದನಂತೆ. ಹಾಗೆ ನಿಂತ ಅವನ ಫೋಟೋ ಮೇಜಿನ ಮೇಲೇ ಇದೆ. ಸಾಹೇಬರ ವಿಕೆಟ್ ಬೀಳಲಿಲ್ಲವೆಂಬುದಕ್ಕೆ ಅವನನ್ನೇ ಸಾಕ್ಷಿಯೆಂದು ಹೆಸರಿಸಿದ್ದೇನೆ. ನಾಳೆ ಅಧ್ಯಾಯವನ್ನು ಪ್ರೊಫೆಸರಿಗೆ ಕೊಡಬೇಕು.

ಸಂಜೆ ಪಕ್ಕದ ಮನೆಯ ಬಿಂದೂರಾವ್ ಕಾಕಾ ನಮ್ಮ ಡಬ್ಬಿ ವಾಪಸು ಕೊಡಲು ಬಂದರು. ಧಾರವಾಡದವರು, ಡಾಕ್ಟರಿಕೆಯಿಂದ ರಿಟೈರಾದ ಮೇಲೆ ಕ್ರಿಕೆಟ್ ನೋಡುವುದೇ ಅವರ ಕೆಲಸ. ಬಾಗಿಲಲ್ಲೇ ನಿಂತು ಸಾಹೇಬರ ಕಥೆ ಕೇಳಿ ನಕ್ಕರು. ಅಂಪೈರ್ ಯಾರೆಂದು ನಾನು ಹೇಳಿರಲಿಲ್ಲ.

"ಹುಡುಗುರ್ನ್ಯಾಕ ಬೈತೀ, ತಂಗಿ? ಅವ್ರು ಒಂದಿನಾದ್ರೂ ಸ್ಟಂಪ್ ಹಾರಿಸಿರ್ತಾರ. ಅಂಪೈರ್ ನೋ ಬಾಲ್ ಅಂತ ಕೈ ಚಾಚಿರ್ತಾನ. ಪಾಪ, ಅವಂಗೂ ಹೆಂಡ್ತಿ ಮಕ್ಕಳು ಇದ್ರಲ್ಲ!"