ಅಪ್ಪನ ಕೆಂಪು ಬಿಲ್ಲೆ

ಮನೆಯಿಂದ,
ಜೂನ್ ಒಂಬತ್ತು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಕೆಮ್ಮು ಹೋಯಿತೆ? ಅವತ್ತು ಫೋನಿನಲ್ಲಿ ಅಳುತ್ತಿದ್ದೀಯೋ ಕೆಮ್ಮುತ್ತಿದ್ದೀಯೋ ಗೊತ್ತಾಗಲಿಲ್ಲ. ಅಮ್ಮನ ಮಂಡಿನೋವು ಹಾಗೆಯೇ ಇದೆ. ನಾನು ಚೆನ್ನಾಗಿದ್ದೇನೆ ಎಂದರೆ ನೀನು ನಂಬುವವಳಲ್ಲ, ಆದ್ದರಿಂದ ಬರೆಯುವುದಿಲ್ಲ. ಅಪ್ಪ ಹೋಗಿ ಇಂದಿಗೆ ಇಪ್ಪತ್ತೆರಡು ದಿನ. ಸುದ್ದಿ ತಿಳಿಸಿದಾಗ ನೀನು ಕೇಳಿದ್ದು ಒಂದೇ ಮಾತು: "ಕೊನೇಲಿ ಅಪ್ಪ ನನ್ನ ಕೇಳಿದ್ರೇನೋ?" ನಾನು ಫೋನನ್ನು ಅಮ್ಮನ ಕೈಗಿಟ್ಟುಬಿಟ್ಟೆ. ಅವಳು ಪಾಪ, ಅತ್ತಳು, ಅಷ್ಟೆ. "ಕೇಳದೇ ಹೋದವರ ಮನೆಗೆ ಬಂದು ನಾನೇನು ಮಾಡ್ಲಿ" ಎಂದು ನೀನು ಫೋನಿಟ್ಟೆ. ಬರಲೇ ಇಲ್ಲ.

ಇಲ್ಲಿ ನಮ್ಮ ಅವಸ್ಥೆ ಕೇಳಿದರೆ ನಗುತ್ತೀಯ. ಇಷ್ಟು ದಿನದಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸಿಲ್ಲ. ಕೆಳಗಿನ ತೊಟ್ಟಿಯಿಂದ ಬಕೆಟ್ಟಿನಲ್ಲಿ ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಗಿದೆ. ಪಂಪು ಕೆಟ್ಟಿಲ್ಲ ಮಾರಾಯ್ತಿ! ಅದರ ಸ್ವಿಚ್ಚಿನ ಮೇಲೆ ಅಪ್ಪನ ಕೆಂಪು ಬಿಲ್ಲೆ ನೇತಾಡುತ್ತಿದೆ, 'ಕೆಲಸದಲ್ಲಿದ್ದೇನೆ' ಎಂದು. ಹಾಸಿಗೆ ಹಿಡಿದಿದ್ದವರು ಹೋಗುವ ಹಿಂದಿನ ದಿನ ಯಾಕೋ ಗೆಲುವಾಗಿದ್ದರು. ಹಠಮಾಡಿ ಕುರ್ಚಿ ಹಾಕಿಸಿಕೊಂಡು ಪಂಪು ಬಿಚ್ಚಿ ಬೇರಿಂಗ್ ಬದಲಾಯಿಸಿದರು. ಸುಸ್ತಾಯಿತು, ಉಳಿದ ನಾಲ್ಕು ಬೋಲ್ಟು ನಾಳೆ ಎಂದರು. ಆ ಬೋಲ್ಟುಗಳನ್ನು ಮೊನ್ನೆ ಕೊಳಾಯಿ ರಿಪೇರಿಯವನು ಬಂದು ಬಿಗಿದ. ಬಿಲ್ಲೆಗೆ ಕೈಹಾಕಹೋದ ನೋಡು, ಅಮ್ಮ ಗದರಿಸಿದ ರಭಸಕ್ಕೆ ಅವನ ಸ್ಪ್ಯಾನರ್ ಕೈಜಾರಿ ಬಿತ್ತು. "ಅಲ್ಲಮ್ಮಾ, ಒಂದು ದಾರ ಬಿಚ್ಚೋಕೆ ಇಷ್ಟೊಂದು ರಾದ್ಧಾಂತಾನಾ?" ಎಂದು ಗೊಣಗುತ್ತ ಹೋದ. ಹಾಕಿದವರೇ ತೆಗೆಯಬೇಕು ಎಂಬುದು ಅವನಿಗೆ ಹೇಗೆ ಗೊತ್ತಿರಬೇಕು?

ಕಾಗದದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಅಪ್ಪ ಇದೊಂದು ನಿಯಮ ಹಿಡಿದೇ ಕೂತಿದ್ದರು. ಯಂತ್ರದೊಳಗೆ ಕೈಹಾಕುವವನು ಮೊದಲು ಸ್ವಿಚ್ಚಿಗೆ ತನ್ನ ಬಿಲ್ಲೆ ನೇತುಹಾಕಬೇಕು. ಅವನ ಹೊರತು ಬೇರೆಯವರು, ದೊಡ್ಡ ಸಾಹೇಬರೇ ಬರಲಿ, ಅದನ್ನು ಮುಟ್ಟುವ ಹಾಗಿಲ್ಲ. ಅವರ ವಿಭಾಗದಲ್ಲಿ ಒಬ್ಬನೂ ಒಂದು ಬೆರಳು ಕಳೆದುಕೊಳ್ಳಲಿಲ್ಲ. ನಿವೃತ್ತಿಯಾದ ದಿನ ಮನೆಗೆ ತಂದದ್ದು ನಾಲ್ಕು ಬಿಲ್ಲೆ, ನಮಗೆಲ್ಲ ಒಂದೊಂದು. ಮಧ್ಯಾಹ್ನ ಅಮ್ಮ ಕೋಣೆಯ ಬಾಗಿಲಿಗೆ ತನ್ನ ಹಸಿರು ಬಿಲ್ಲೆ ಸಿಕ್ಕಿಸಿದಳೆಂದರೆ ಮುಗಿಯಿತು, ಆಕಾಶವೇ ಕಳಚಿ ಬಿದ್ದರೂ ಎಬ್ಬಿಸುವಂತಿರಲಿಲ್ಲ. ಎರಡು ಪಾಳಿ ಸೇರಿಸಿ ದುಡಿದು ಬಂದರೂ ನಮ್ಮಿಬ್ಬರ ಶೂ ಲೇಸು ಕಟ್ಟಿ ಶಾಲೆಗೆ ಕಳಿಸದೆ ಮಲಗಿದ ಮನುಷ್ಯನಲ್ಲ ಅಪ್ಪ. ಅಮ್ಮನ ಮಂಡಿಗೆ ಕಷ್ಟವಾಗುತ್ತದೆಂದು ಮೆಟ್ಟಿಲುಗಳನ್ನೆಲ್ಲ ಒಡೆದು ಗಿಡ್ಡ ಮಾಡಿಸಿದ್ದರಲ್ಲ, ಆಮೇಲೆ ತಿಂಗಳುಗಟ್ಟಲೆ ಎಡವಿ ಬಿದ್ದವರು ನಾನು, ನೀನು. ಅಳತೆ ಸರಿಯಾಗೇ ಇದೆ, ಕಾಲು ಕಲೀಬೇಕು ಎಂದು ನಮ್ಮನ್ನೇ ಬೈದರು.

ಆರು ವರ್ಷದ ಹಿಂದಿನ ಆ ಬೆಳಿಗ್ಗೆಯ ಮಾತು ಬಿಟ್ಟು ಬರೆಯೋಣವೆಂದುಕೊಂಡಿದ್ದೆ, ಆಗುತ್ತಿಲ್ಲ. ಕೆಲಸಕ್ಕೆ ಹೊತ್ತಾಯಿತೆಂದು ನೀನು ಬಿಲ್ಲೆ ತೆಗೆದು ಪಂಪು ಹಾಕಿದೆ. ಅಪ್ಪನ ಎರಡು ಬೆರಳು ಹೋದವು. ಆ ನೋವಿನಲ್ಲಿ "ನನ್ನ ಕಣ್ಣೆದುರಿಗೆ ಬರಬೇಡ" ಎಂದರು. ನೀನು ಅದನ್ನೇ ಹಿಡಿದುಕೊಂಡು ಹೋದೆ. ಅವರದೂ ಹಠ, ನಿನ್ನದೂ ಹಠ. ನಡುವೆ ಅಮ್ಮ ಸವೆದುಹೋದಳು.

ಬಿಲ್ಲೆ ಹಾಕಿದವನು ಬರಲಾಗದೇ ಹೋದರೆ ಏನು ಮಾಡಬೇಕೆಂಬುದಕ್ಕೂ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತಂತೆ. ಅವನ ತಂಡದವರೆಲ್ಲ ಯಂತ್ರದ ಮುಂದೆ ಸಾಲಾಗಿ ನಿಲ್ಲಬೇಕು, ಯಾರ ಕೈಯೂ ಒಳಗಿಲ್ಲವೆಂದು ಎಲ್ಲರೂ ನೋಡಬೇಕು, ಆಮೇಲೆ ಒಬ್ಬರು ತೆಗೆಯಬೇಕು. ಇದು ಅಮ್ಮನಿಗೆ ಬಾಯಿಪಾಠ. "ತಂಡ ಅಂದ್ರೆ ಮೂರು ಜನ. ಇಲ್ಲಿರೋದು ಇಬ್ಬರೇ" ಎನ್ನುತ್ತಾಳೆ. ಬಕೆಟ್ಟು ಹೊರಲು ನಾನು ಸಿದ್ಧ. ಆದರೆ ಅವಳು ದಿನವೂ ಆ ಪಂಪಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಅಮ್ಮ ನಿನಗೆ ತನ್ನ ಆಶೀರ್ವಾದ ಬರೆಯಲು ಹೇಳಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ.

ನಿನ್ನ
ತಮ್ಮ

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಅಪ್ಪ ನಿನ್ನನ್ನು ಕೇಳಿದ್ದರು ಅಕ್ಕಾ. ಪಂಪು ಬಿಚ್ಚಿದ ದಿನ ಸಂಜೆ, ಅಮ್ಮ ಔಷಧಿ ತರಲು ಹೋಗಿದ್ದಾಗ, "ಅವಳಿಗೆ ಫೋನ್ ಮಾಡು, ಬಾ ಅಂತ ಹೇಳು" ಎಂದರು. ಒಂದಲ್ಲ, ಮೂರು ಸಲ. ಆರು ತಿಂಗಳು ಅವರನ್ನು ಎತ್ತಿ ಕೂರಿಸಿ ಸ್ನಾನ ಮಾಡಿಸಿದವನು ನಾನು, ಕೇಳುವುದು ಮಾತ್ರ ನಿನ್ನನ್ನು. ನನಗೆ ಹೊಟ್ಟೆಕಿಚ್ಚಾಯಿತು. ಲೈನ್ ಸಿಗುತ್ತಿಲ್ಲ ಎಂದು ಸುಳ್ಳು ಹೇಳಿದೆ. "ಪರವಾಗಿಲ್ಲ, ನಾಳೆ ಮಾಡು" ಎಂದು ನನ್ನ ಬೆನ್ನು ತಟ್ಟಿದರು. ಅಮ್ಮನಿಗೆ ಇನ್ನೂ ಹೇಳಿಲ್ಲ. ಬೈಯುವುದಕ್ಕಾದರೂ ಬಾ.