ಆ ಕಿಟಕಿಯ ಮೇಲಿನ ಆನೆಯನ್ನು ತೆಗೆಸಿ

ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಶಾಲೆಯ ಎಲ್‌ಕೆಜಿ ಕೊಠಡಿಗೆ ರಸ್ತೆಯ ಕಡೆ ಇರುವುದು ಒಂದೇ ಕಿಟಕಿ. ಕಳೆದ ಸೋಮವಾರ ಅದರ ಗಾಜಿಗೆ ನಗುವ ಆನೆಯ ದೊಡ್ಡ ಸ್ಟಿಕರ್ ಅಂಟಿಸಿದ್ದೀರಿ. ಆನೆ ಬಹಳ ಮುದ್ದಾಗಿದೆ, ಅದರಲ್ಲಿ ಎರಡು ಮಾತಿಲ್ಲ! ಆದರೆ ಅದನ್ನು ಅಂಟಿಸಿದ್ದು ಮಕ್ಕಳ ಸಂತೋಷಕ್ಕಲ್ಲ, ನನ್ನನ್ನು ಮರೆಮಾಡುವುದಕ್ಕೆ. ಇದು ನಿಮಗೂ ಗೊತ್ತು, ನನಗೂ ಗೊತ್ತು, ಮೂರೂವರೆ ವರ್ಷದ ವರ್ಷಿಣಿಗೂ ಗೊತ್ತು. ಅಂದಿನಿಂದ ಅವಳು ತರಗತಿಯಲ್ಲಿ ಬೆನ್ನಿನ ಬ್ಯಾಗ್ ಇಳಿಸುತ್ತಿಲ್ಲ, ತಿಂಡಿ ಡಬ್ಬಿ ತೆರೆಯುತ್ತಿಲ್ಲ, ಯಾರೊಡನೆಯೂ ಮಾತಾಡುತ್ತಿಲ್ಲ. ಯಾವ ಕ್ಷಣದಲ್ಲಾದರೂ ಹೊರಡಲು ಸಿದ್ಧಳಾಗಿ, ಬಸ್‌ಸ್ಟ್ಯಾಂಡಿನಲ್ಲಿ ಕೂತವಳಂತೆ ಕೂತಿರುತ್ತಾಳಂತೆ. ಇದನ್ನು ನಿಮ್ಮ ಶಿಸ್ತು ಎಂದು ಕರೆಯುತ್ತೀರಾ?

ನಾನು ವರ್ಷಿಣಿಯ ಚಿಕ್ಕಮ್ಮ. ಹೊಚ್ಚಹೊಸ ಚಿಕ್ಕಮ್ಮ! ಮೇ ತಿಂಗಳಲ್ಲಿ ಮದುವೆಯಾಗಿ ಇದೇ ಊರಿನ ಒಂಟಿಕೊಪ್ಪಲಿನಿಂದ ದಟ್ಟಗಳ್ಳಿಗೆ ಬಂದವಳು. ನನ್ನ ಗಂಡ ದಿಲೀಪ್ ಎಷ್ಟು ಒಳ್ಳೆಯವರೆಂದರೆ... ಇರಲಿ, ಅದನ್ನು ಬರೆಯಲು ಕೂತರೆ ಈ ಬಹಿರಂಗ ಪತ್ರ ಅಚ್ಚುಹಾಕುವ ಪತ್ರಿಕೆಯವರು ಜಾಗ ಸಾಲದೆನ್ನುತ್ತಾರೆ. ಈ ಪತ್ರವನ್ನು ಮೊದಲು ಇಂಗ್ಲಿಷಿನಲ್ಲೇ ಬರೆದಿದ್ದೆ. ನಾನು ಓದಿದ್ದೆಲ್ಲ ಅದರಲ್ಲೇ. "ಇಂಗ್ಲಿಷಲ್ಲಿ ಬೇಡ ಕಣೇ, ಕೆಂಪು ಪೆನ್ನಲ್ಲಿ ಮಾರ್ಕ್ಸ್ ಹಾಕಿ ವಾಪಸ್ ಕಳಿಸ್ಬುಡ್ತಾರೆ," ಎಂದರು ದಿಲೀಪ್. ಹಾಗಾಗಿ ಕನ್ನಡ.

ವರ್ಷಿಣಿಯ ಅಮ್ಮ, ಎಂದರೆ ನನ್ನ ವಾರಗಿತ್ತಿ, ಆಸ್ಪತ್ರೆಯಲ್ಲಿ ನರ್ಸ್. ಮಗು ಏಳುವ ಮುಂಚೆಯೇ ಬೆಳಗಿನ ಪಾಳಿಗೆ ಹೊರಡುತ್ತಾರೆ. ಭಾವ ಬಸ್ ಓಡಿಸುತ್ತಾರೆ. ಹೀಗಾಗಿ ಜೂನ್‌ನಲ್ಲಿ ಮಗುವನ್ನು ಶಾಲೆಗೆ ಬಿಡುವ ಕೆಲಸ ನನ್ನ ಪಾಲಿಗೆ ಬಂತು. ನನಗಾದ ಖುಷಿ ಹೇಳತೀರದು! ಆ ಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ, ಯಾವ ನಲ್ಲಿ ಸೋರುತ್ತದೆ, ಅಜ್ಜಿಗೆ ಯಾವಾಗ ಕೋಪ ಬರುತ್ತದೆ ಎಂದು ಕೈಹಿಡಿದು ತೋರಿಸಿಕೊಟ್ಟವಳೇ ವರ್ಷಿಣಿ. ಅವಳ ಹೊಸ ಜಾಗವನ್ನು ಅವಳಿಗೆ ತೋರಿಸಿಕೊಡುವ ಸರದಿ ನನ್ನದು ಎಂದುಕೊಂಡೆ.

ಆದರೆ ನಿಮ್ಮ ಸುತ್ತೋಲೆ ಹಾಗೆ ಹೇಳುವುದಿಲ್ಲವಲ್ಲ! "ಪೋಷಕರು ಮಗುವನ್ನು ಗೇಟಿನಲ್ಲಿ ಒಪ್ಪಿಸಿ ತಕ್ಷಣ ತೆರಳತಕ್ಕದ್ದು." ಕೊರಿಯರ್ ಒಪ್ಪಿಸುವವರಿಗೂ ಸಹಿ ಹಾಕಿಸಿಕೊಳ್ಳುವಷ್ಟು ಹೊತ್ತು ನಿಲ್ಲಲು ಬಿಡುತ್ತಾರೆ. ಮೊದಲ ದಿನ ಕಿರುಚುತ್ತಿದ್ದ ಮಗುವನ್ನು ಆಯಾ ಲಕ್ಷ್ಮಮ್ಮ ಎತ್ತಿಕೊಂಡರು. ನನ್ನ ಕಿವಿಯಲ್ಲಿ, "ಅವಳು ಆ ಕಡೆ ನೋಡುವಾಗ ಹೊರಟ್ಬುಡಿ ಕಣಮ್ಮ. ಚಾಕ್ಲೇಟ್ ತರೋಕೆ ಹೋದ್ರು ಅಂತೀನಿ," ಎಂದರು.

"ಚಾಕ್ಲೇಟ್ ಬರದಿದ್ರೆ?"

"ಅಷ್ಟೊತ್ತಿಗೆ ಅತ್ತು ಅತ್ತು ಮರ್ತ್ಬುಟ್ಟಿರ್ತವೆ. ಹಿಂಗೇ ಹೇಳ್ಬೇಕು ಅಂತ ಆಫೀಸಲ್ಲಿ ಹೇಳವ್ರೆ."

ಪ್ರಾಂಶುಪಾಲರೇ, ಒಂದು ಮಗು ನಿಮ್ಮ ವಿದ್ಯಾಸಂಸ್ಥೆಯಲ್ಲಿ ಕಲಿಯುವ ಮೊತ್ತಮೊದಲ ಪಾಠ ಒಂದು ಸುಳ್ಳು. ಅದೂ ಅಕ್ಷರ ಕಲಿಸುವುದಕ್ಕೂ ಮುಂಚೆ! ನಾನು ಆ ಸುಳ್ಳನ್ನು ಒಪ್ಪಲಿಲ್ಲ. ಮಗುವಿನ ಮುಖ ನನ್ನ ಕಡೆ ತಿರುಗಿಸಿಕೊಂಡು, "ಎದುರುಗಡೆ ಕಟ್ಟೆ ಮೇಲೆ ಕೂತಿರ್ತೀನಿ, ಕಿಟಕಿಯಿಂದ ನೋಡು," ಎಂದೆ. ಮುಚ್ಚಿದ ಅಂಗಡಿಯ ಆ ಕಟ್ಟೆ ನಿಮ್ಮದಲ್ಲ, ರಸ್ತೆಯೂ ನಿಮ್ಮದಲ್ಲ. ಅವಳು ಮತ್ತೆ ಮತ್ತೆ ಕಿಟಕಿಗೆ ಬಂದಳು, ನಾನು ಕೈಬೀಸಿದೆ. ದಿನ ಕಳೆದಂತೆ ಬರುವುದು ಕಡಿಮೆಯಾಯಿತು. ಡಬ್ಬಿ ಖಾಲಿಯಾಗಿ ಮನೆಗೆ ಬಂತು. ಒಂದು ದಿನವಂತೂ ಆಟದ ಭರದಲ್ಲಿ ಕಿಟಕಿಗೆ ಬರುವುದನ್ನೇ ಮರೆತಳು! ನಾನು ಕಟ್ಟೆಯ ಮೇಲೆ ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಆಷಾಢ ಬಂತು. ಮದುವೆಯಾದ ಮೊದಲ ವರ್ಷ ಈ ತಿಂಗಳಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಸೊಸೆ ತವರಿಗೆ ಹೋಗಬೇಕು. ನಾನು ಬಟ್ಟೆ ತುಂಬಿಕೊಳ್ಳುತ್ತಿದ್ದರೆ ವರ್ಷಿಣಿ ಸೂಟ್‌ಕೇಸಿನ ಹಿಡಿ ಬಿಡಲೊಲ್ಲಳು. ಆಗ ನಮ್ಮತ್ತೆ ಕೆಂಚಮ್ಮನವರು ಹೇಳಿದರು: "ಹೊಸಿಲು ದಾಟ್ಬಾರ್ದು ಅಂತ ಇರೋದು ಕಣಮ್ಮ, ರೋಡಲ್ಲಿ ಕೂರ್ಬಾರ್ದು ಅಂತ ಯಾರೂ ಹೇಳಿಲ್ಲ. ನಾನು ಮಗೀನ ಗೇಟ್ ಗಂಟ ಕರ್ಕೊಂಡ್ ಬತ್ತೀನಿ. ನೀನು ಒಂಟಿಕೊಪ್ಪಲಿಂದ ಬಂದು ನಿನ್ ಕಟ್ಟೆ ಮೇಲೆ ಕೂತ್ಕೋ. ಮಧ್ಯ ಟಾರ್ ರೋಡ್ ಇರ್ತದಲ್ಲ, ಸಾಕು."

ಅಂದಿನಿಂದ ದಿನಾ ಬೆಳಿಗ್ಗೆ ಅತ್ತೆ ಆ ಕಡೆ, ಸೊಸೆ ಈ ಕಡೆ. ನಡುವೆ ಆಟೋ, ಬಸ್ಸು, ಹಾಲಿನ ವ್ಯಾನು. "ಊಟ ಮಾಡ್ತಿದ್ದೀಯೇನೇ? ಸೊರಗ್ಬುಟ್ಟಿದ್ದೀಯ!" ಎಂದು ಅವರು ಕೂಗಿದರೆ, "ಮಾಡ್ತಿದ್ದೀನಿ ಅತ್ತೆ!" ಎಂದು ನಾನು ಕೂಗುತ್ತಿದ್ದೆ. ಅಷ್ಟು ಹಳೆಯ ಆಷಾಢ ಒಂದು ಮಗುವಿಗಾಗಿ ಬಾಗಿತು. ನಿನ್ನೆ ಮೊನ್ನೆ ಟೈಪಾದ ನಿಮ್ಮ ಸುತ್ತೋಲೆ ಬಾಗಲಿಲ್ಲ. ನೀವು ಅತ್ತೆಯನ್ನು ಒಳಗೆ ಕರೆಸಿ, "ನಿಮ್ಮ ಸೊಸೆಯಿಂದ ಬೇರೆ ಮಕ್ಕಳ ಅಭ್ಯಾಸವೂ ಕೆಡುತ್ತೆ," ಎಂದಿರಿ.

"ಯಾವ ಅಭ್ಯಾಸ ಸ್ವಾಮಿ? ಅಳದೇ ಇರೋದಾ?" ಎಂದು ಅವರು ಕೇಳಿದರು. ನಿಮ್ಮ ಉತ್ತರ ಸೋಮವಾರ ಬಂತು, ಸೊಂಡಿಲೆತ್ತಿ ನಗುತ್ತಾ.

ಈಗ ನಮ್ಮ ಸ್ಥಿತಿ ನೋಡಿ. ಕಟ್ಟೆಯ ಮೇಲೆ ಕೂತರೆ ಅವಳಿಗೆ ಕಾಣುವುದಿಲ್ಲ. ಎದ್ದು ಹೋದರೆ ನನ್ನ ಮಾತು ಸುಳ್ಳಾಗುತ್ತದೆ. ಹೆಸರು ಹಿಡಿದು ಕೂಗಿದರೆ ನಿಮ್ಮ ಕಾವಲುಗಾರ ಸೀಟಿ ಊದುತ್ತಾನೆ. ಶಾಲೆ ಬಿಡಿಸೋಣವೆಂದರೆ ಈಗ ಯಾರೂ ಸೇರಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಇರಿಸಿಕೊಳ್ಳೋಣವೆಂದರೆ ಆ ಮನೆಗೆ ಈ ತಿಂಗಳು ನಾನೇ ಹೋಗುವಂತಿಲ್ಲ. ಅವಳು ಗಾಜಿನ ಆ ಬದಿ, ನಾನು ಈ ಬದಿ, ನಡುವೆ ಒಂದು ಆನೆ. ಅತ್ತ ಮಗುವಿಗೂ ದಾರಿಯಿಲ್ಲ, ಇತ್ತ ನನಗೂ ಇಲ್ಲ.

ನಿಮ್ಮ ಶಾಲೆಗೆ ಬಾಗುವುದೇ ಗೊತ್ತಿಲ್ಲವೆಂದು ಹೇಳಲಾರೆ. ಆಷಾಢ ಶುಕ್ರವಾರ ಸಿಬ್ಬಂದಿ ಬೆಟ್ಟದ ದೇವಿಯ ಗುಡಿಗೆ ಹೋಗಿಬರಲೆಂದು ಶಾಲೆ ತಡವಾಗಿ ತೆರೆಯಿತು. ಒಳ್ಳೆಯದೇ, ತಾಯಿಯ ದರ್ಶನ ಯಾರಿಗೆ ಬೇಡ? ಅದನ್ನೇ ಆ ಮಗುವೂ ಕೇಳುತ್ತಿರುವುದು. ನಾನು ಡಿಗ್ರಿ ಓದಿದವಳು, ಸಂಬಳ ತಂದವಳು, ಪ್ರೀತಿಸುವ ಗಂಡನಿರುವವಳು. ಆದರೂ ಹೊಸ ಮನೆಗೆ ಒಗ್ಗುವ ಮೊದಲು ನನಗೆ ಇಡೀ ಒಂದು ತಿಂಗಳು ತವರು ಸಿಕ್ಕಿದೆ. "ಒಂದು ವಾರ ಅಳಲಿ, ತಾನೇ ಸರಿಹೋಗುತ್ತಾಳೆ," ಎಂದು ಯಾರೂ ನನ್ನ ಮುಖದ ಮೇಲೆ ಗೇಟು ಹಾಕಲಿಲ್ಲ. ಇನ್ನೂ ಚಪ್ಪಲಿಯ ಎಡಬಲ ತಿಳಿಯದ ಮಗುವಿಗೆ ಮಾತ್ರ ಅಷ್ಟು ಗಟ್ಟಿ ಗುಂಡಿಗೆ ಇರಬೇಕೆ?

ಆದ್ದರಿಂದ ಸೋಮವಾರದೊಳಗೆ ಆ ಆನೆಯನ್ನು ತೆಗೆಸಿ. ಅಳುವ ಮಕ್ಕಳು ಒಗ್ಗುವವರೆಗೆ ಮನೆಯವರೊಬ್ಬರನ್ನು ತರಗತಿಯ ಹಿಂದೆ ಕೂರಲು ಬಿಡಿ. ನಾವು ಬಾಯಿ ಬಿಡುವುದಿಲ್ಲ, ಬೇಕಾದರೆ ಕ್ರೆಯಾನ್ ಚೂಪು ಮಾಡಿಕೊಡುತ್ತೇವೆ. ಆ ಚಾಕ್ಲೇಟಿನ ಸುಳ್ಳನ್ನಂತೂ ಇವತ್ತೇ ನಿಲ್ಲಿಸಿ.

ನಿನ್ನೆ ಶಾಲೆ ಬಿಟ್ಟಾಗ ವರ್ಷಿಣಿ ಬ್ಯಾಗಿನ ಪಟ್ಟಿ ಹಿಡಿದುಕೊಂಡೇ ಹೊರಬಂದಳು. ಆ ಬದಿಯಿಂದ, ಅಜ್ಜಿಯ ಕೈ ಜಗ್ಗುತ್ತಾ, ರಸ್ತೆಯಾಚೆಗೆ ಕೂಗಿ ಕೇಳಿದಳು: "ಚಿಕ್ಕಮ್ಮಾ, ನಂಗೆ ಯಾವಾಗ ಆಷಾಢ?"

ಅದಕ್ಕೆ ಉತ್ತರವಿರುವುದು ನಿಮ್ಮ ಕಚೇರಿಯಲ್ಲಿ.

ಇಂತಿ,
ಸದ್ಯಕ್ಕೆ ಅತ್ತೆಯ ಹೊಸಿಲನ್ನೂ ನಿಮ್ಮ ಗೇಟನ್ನೂ ದಾಟುವಂತಿಲ್ಲದ,
ಎದುರು ಕಟ್ಟೆಯ ಚಿಕ್ಕಮ್ಮ